ಬಾಯಿ ಬಿಡದ ಮಗು, ಮಾತು ಕಡಿಮೆಯ ಮಾಸ್ತರು: ತರಗತಿಯನ್ನು ಇಬ್ಬರಿಗೂ ಹೊಂದಿಸುವ ಬಗೆ

ಕಲಬುರಗಿ ಕಡೆಯ ಯಾವ ಶಾಲೆಯ ಪಾಲಕರ ಸಭೆಗೆ ಹೋದರೂ ಒಂದು ಮಾತು ಕಿವಿಗೆ ಬೀಳದೆ ಇರುವುದಿಲ್ಲ: "ಹುಡುಗ ಶಾಣ್ಯಾ ಅದಾನ್ರಿ, ಆದ್ರ ಬಾಯಿ ಬಿಡಂಗಿಲ್ಲ." ಹೇಳುವ ಶಿಕ್ಷಕರ ದನಿಯಲ್ಲಿ ಕಾಳಜಿಯೇ ಇರುತ್ತದೆ; ಕೇಳಿಸಿಕೊಳ್ಳುವ ತಾಯಿ ಮಾತ್ರ ಮಗನಿಗೆ ಏನೋ ಊನವಿದೆ ಎಂಬಂತೆ ಸೆರಗಿನ ತುದಿ ತಿರುವುತ್ತ ನಿಲ್ಲುತ್ತಾಳೆ. ಇಪ್ಪತ್ತಕ್ಕೂ ಹೆಚ್ಚು ವರ್ಷ ಕಲಬುರಗಿ ಮತ್ತು ಯಾದಗಿರಿ ಜಿಲ್ಲೆಗಳ ಶಾಲೆಗಳಲ್ಲಿ ಪಾಠ ಮಾಡಿದ ನಾನೂ ಆ ಮಾತನ್ನು ಎಷ್ಟೋ ತಾಯಂದಿರಿಗೆ ಹೇಳಿದ್ದೇನೆ. ನಾನೇ ಮಾತು ಕಡಿಮೆಯ ಮನುಷ್ಯ ಎಂಬುದು ಆಗ ನೆನಪಿಗೆ ಬರುತ್ತಿರಲಿಲ್ಲ. ನಮ್ಮ ತರಗತಿಗಳಲ್ಲಿ ಮಾತನಾಡಲು ಇರುವುದು ಒಂದೇ ದಾರಿ: ಪ್ರಶ್ನೆ ಬಿದ್ದ ಕೂಡಲೇ ಕೈ ಎತ್ತಬೇಕು, ಎದ್ದು ನಿಲ್ಲಬೇಕು, ನಲವತ್ತು ಜನರ ಎದುರಿಗೆ ಗಟ್ಟಿಯಾಗಿ ಹೇಳಬೇಕು. ಆ ದಾರಿಯಲ್ಲಿ ನಡೆಯಲಾರದ ಮಗುವಿಗೂ, ಅಂಥದೇ ಸ್ವಭಾವದ ಶಿಕ್ಷಕರಿಗೂ ಬೇರೆ ದಾರಿಗಳನ್ನು ಮಾಡಿಕೊಡುವುದು ಹೇಗೆ ಎಂಬುದನ್ನು, ಸಾಮಾನ್ಯ ಸರ್ಕಾರಿ ಶಾಲೆಯಲ್ಲಿ ಹೆಚ್ಚಿನ ಖರ್ಚಿಲ್ಲದೆ ಮಾಡಬಹುದಾದ ಮಟ್ಟಿಗೆ, ಇಲ್ಲಿ ಒಂದೊಂದಾಗಿ ಬರೆಯುತ್ತೇನೆ.

ಮೊದಲು ಪದದ ವಿಚಾರ. ಅಂತರ್ಮುಖಿ ಎಂಬ ಪದವನ್ನು ನಾವು ಸಂಕೋಚ, ಅಂಜಿಕೆ, ಜಂಬ, ದಡ್ಡತನ ಎಲ್ಲಕ್ಕೂ ಹೊದಿಸಿಬಿಡುತ್ತೇವೆ. ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಕಾರ್ಲ್ ಯೂಂಗ್ 1921ರಲ್ಲಿ ಅಂತರ್ಮುಖಿ, ಬಹಿರ್ಮುಖಿ ಎಂಬ ಜೋಡಿಯನ್ನು ಬಳಕೆಗೆ ತಂದಾಗ ಅದರಲ್ಲಿ ಒಂದನ್ನು ಆರೋಗ್ಯವೆಂದೂ ಇನ್ನೊಂದನ್ನು ರೋಗವೆಂದೂ ಕರೆಯಲಿಲ್ಲ. ಮನಸ್ಸಿನ ಒಲವು ಒಳಗಿನ ಕಡೆಗೋ ಹೊರಗಿನ ಕಡೆಗೋ ಎಂಬ ಭೇದವನ್ನಷ್ಟೇ ತೋರಿಸಿದರು. ಅಂತರ್ಮುಖಿ ಮಗುವಿಗೆ ಜನ ಬೇಡವೆಂದೇನೂ ಇಲ್ಲ. ಗದ್ದಲದಲ್ಲಿ ಅದು ಬೇಗ ದಣಿಯುತ್ತದೆ, ಒಬ್ಬಿಬ್ಬರೊಡನೆ ಚೆನ್ನಾಗಿಯೇ ಮಾತನಾಡುತ್ತದೆ, ಉತ್ತರವನ್ನು ಮನಸ್ಸಿನಲ್ಲಿ ಪೂರ್ತಿ ಕಟ್ಟಿಕೊಂಡ ಮೇಲೆಯೇ ಬಾಯಿ ತೆರೆಯುತ್ತದೆ. ಸಂಕೋಚದ ಮಗುವಿನ ಕಥೆ ಬೇರೆ: ಅದಕ್ಕೆ ಹೇಳುವ ಆಸೆಯಿದೆ, ತಪ್ಪಾದರೆ ನಗುತ್ತಾರೆಂಬ ಅಂಜಿಕೆ ತಡೆಯುತ್ತದೆ. ಎರಡೂ ಒಂದೇ ಮಗುವಿನಲ್ಲಿ ಇರಬಹುದು. ಅಮೆರಿಕದ ಮನೋವಿಜ್ಞಾನಿ ಜೆರೋಮ್ ಕೇಗನ್ ನಾಲ್ಕು ತಿಂಗಳ ಶಿಶುಗಳಿಗೆ ಹೊಸ ಸದ್ದು, ಹೊಸ ಆಟಿಕೆ, ಹೊಸ ವಾಸನೆಗಳನ್ನು ತೋರಿಸಿ ನೋಡಿದಾಗ ಐದರಲ್ಲಿ ಸುಮಾರು ಒಂದು ಶಿಶು ಕೈಕಾಲು ಬಡಿದು ಅತ್ತಿತು. ಅಂಥವರಲ್ಲಿ ಅನೇಕರು ಬೆಳೆದ ಮೇಲೂ ಎಚ್ಚರಿಕೆಯ, ಮಾತು ಕಡಿಮೆಯ ಮಕ್ಕಳಾದರು. ಹಾಗಾಗಿ ಈ ಸ್ವಭಾವದ ಒಂದು ಪಾಲು ಹುಟ್ಟಿನೊಂದಿಗೇ ಬಂದದ್ದು, ಗದರಿಸಿದರೆ ಹೋಗುವಂಥದ್ದಲ್ಲ.

ಮೊದಲ ಕೆಲಸ: ಇದು ಯಾವ ಮೌನ ಎಂದು ತಿಳಿಯುವುದು

ಹೊರಗಿನ ಲೇಖನಗಳಲ್ಲಿ ಈ ಹಂತವನ್ನು ಎರಡು ಸಾಲಿನಲ್ಲಿ ಮುಗಿಸುತ್ತಾರೆ. ನಮ್ಮ ಕಲಬುರಗಿ, ಯಾದಗಿರಿ, ಬೀದರ ಜಿಲ್ಲೆಗಳಲ್ಲಿ ಹಾಗೆ ಮುಗಿಸುವಂತಿಲ್ಲ, ಏಕೆಂದರೆ ಇಲ್ಲಿ ಸುಮ್ಮನೆ ಕೂತ ಮಕ್ಕಳಲ್ಲಿ ಅಂತರ್ಮುಖಿಗಳಲ್ಲದವರೇ ಬಹಳ ಇರುತ್ತಾರೆ. ಔರಾದ ಮತ್ತು ಭಾಲ್ಕಿ ಕಡೆಯ ಎಷ್ಟೋ ಮನೆಗಳಲ್ಲಿ ಮರಾಠಿ, ಗುರುಮಠಕಲ್ ಗಡಿಯಲ್ಲಿ ತೆಲುಗು, ಚಿಂಚೋಳಿ ಸುತ್ತಲಿನ ತಾಂಡಾಗಳಲ್ಲಿ ಲಂಬಾಣಿ, ಕಲಬುರಗಿ ಮತ್ತು ಬೀದರ ಪಟ್ಟಣಗಳ ಓಣಿಗಳಲ್ಲಿ ದಖನಿ ಉರ್ದು. ಆ ಮನೆಗಳಿಂದ ಕನ್ನಡ ಮಾಧ್ಯಮದ ತರಗತಿಗೆ ಬಂದು ಕೂತ ಮಗುವಿನ ಮೌನಕ್ಕೆ ಸ್ವಭಾವ ಕಾರಣವೋ ಭಾಷೆ ಕಾರಣವೋ ಎಂಬುದು ಕಪ್ಪು ಹಲಗೆಯ ಪಕ್ಕ ನಿಂತವರಿಗೆ ಕಾಣುವುದಿಲ್ಲ.

ಚಿಂಚೋಳಿ ತಾಲ್ಲೂಕಿನ ಶಾಲೆಯೊಂದರಲ್ಲಿ ಆರನೆಯ ತರಗತಿಯ ಒಬ್ಬ ಹುಡುಗಿ ಜೂನ್‌ನಿಂದ ದೀಪಾವಳಿಯವರೆಗೆ ನನ್ನ ಒಂದು ಪ್ರಶ್ನೆಗೂ ಉತ್ತರಿಸಿರಲಿಲ್ಲ. ಹಾಜರಿ ಕರೆದಾಗಲೂ ಪಕ್ಕದವಳೇ "ಬಂದಾಳ್ರಿ ಸರ್" ಎನ್ನುತ್ತಿದ್ದಳು. ಒಂದು ಮಧ್ಯಾಹ್ನ ಬಿಸಿಯೂಟ ಮುಗಿದ ಮೇಲೆ ಅಡುಗೆ ಕೋಣೆಯ ಹಿಂದೆ ತಟ್ಟೆ ತೊಳೆಯುವ ಜಾಗದಲ್ಲಿ ಆಕೆ ಇಬ್ಬರು ಚಿಕ್ಕ ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು ಲಂಬಾಣಿಯಲ್ಲಿ ಏನೋ ಹೇಳುತ್ತಿದ್ದಳು. ಒಂದು ಕೈ ಆಡಿನ ಕೊಂಬಾಗಿತ್ತು, ಇನ್ನೊಂದು ಕೈ ಅದನ್ನು ಕಟ್ಟಿದ ಹಗ್ಗ. ನಡುವೆ ದನಿ ಬದಲಾಯಿಸಿ ಅಜ್ಜಿಯಂತೆ ಬೈದಳು, ಮರುಗಳಿಗೆಗೆ ಆಡಿನಂತೆ ಒದರಿದಳು. ನನಗೆ ಒಂದು ಶಬ್ದವೂ ತಿಳಿಯಲಿಲ್ಲ, ಕಥೆ ಮಾತ್ರ ಪೂರ್ತಿ ತಿಳಿಯಿತು. ಅಂತರ್ಮುಖಿ ಎಂದು ನಾನು ಮನಸ್ಸಿನಲ್ಲೇ ಚೀಟಿ ಅಂಟಿಸಿದ್ದ ಹುಡುಗಿ ಆ ಓಣಿಗೇ ದೊಡ್ಡ ಮಾತುಗಾತಿ. ಐದು ತಿಂಗಳು ನಾನು ನೋಡಿದ್ದು ಆಕೆಗೆ ಬಾರದ ಭಾಷೆಯನ್ನು.

ಆದ್ದರಿಂದ ಎರಡು ವಾರ ಒಂದು ಸಣ್ಣ ನೋಟ್‌ಬುಕ್ ಇಡಬೇಕು. ಮಾತನಾಡದ ನಾಲ್ಕೈದು ಮಕ್ಕಳ ಹೆಸರಿಗೆ ಒಂದೊಂದು ಪುಟ. ಮಗು ಆಟದ ಬಯಲಿನಲ್ಲಿ ಮಾತನಾಡುತ್ತದೆಯೇ, ಬಿಸಿಯೂಟದ ಸಾಲಿನಲ್ಲಿ ಯಾರ ಪಕ್ಕ ಕೂರುತ್ತದೆ, ಮನೆಯ ಭಾಷೆಯಲ್ಲಿ ಕೇಳಿದರೆ ಉತ್ತರ ಬರುತ್ತದೆಯೇ, ಬರೆಯಲು ಹೇಳಿದರೆ ಬರೆಯುತ್ತದೆಯೇ, ಕರೆದಾಗ ತಿರುಗಿ ನೋಡುತ್ತದೆಯೇ ಎಂಬಿಷ್ಟನ್ನು ನೋಡಿದರೆ ಸಾಕು. ಪಕ್ಕದಲ್ಲೇ ದಿನಾಂಕ ಬರೆಯಿರಿ. ಇಲ್ಲದಿದ್ದರೆ ಒಂದೇ ದಿನದ ಅನಿಸಿಕೆಯನ್ನು ವರ್ಷವಿಡೀ ಹೇಳಿಕೊಂಡು ತಿರುಗುತ್ತೇವೆ.

ಈ ಪುಟಗಳಿಂದ ಹಲವು ಬಗೆಯ ಮೌನಗಳು ಬೇರೆ ಬೇರೆಯಾಗಿ ಕಾಣುತ್ತವೆ. ಸುಗ್ಗಿಯ ನಂತರ ಅಪ್ಪ ಅವ್ವನ ಜೊತೆ ಬೆಂಗಳೂರಿಗೋ ಪುಣೆಗೋ ಹೈದರಾಬಾದಿಗೋ ದುಡಿಯಲು ಹೋಗಿ, ಮೂರು ನಾಲ್ಕು ತಿಂಗಳ ಮೇಲೆ ಮರಳಿ ಬಂದ ಮಗು ಸುಮ್ಮನಿದ್ದರೆ ಅದಕ್ಕೆ ತಪ್ಪಿಹೋದ ಪಾಠಗಳು ಕಾರಣ. ಕೈ ಎತ್ತಲು ಅದಕ್ಕೆ ಉತ್ತರವೇ ಗೊತ್ತಿಲ್ಲ. ಹತ್ತಿ ಬಿಡಿಸುವ ಕಾಲದಲ್ಲಿ ವಾರಕ್ಕೆ ಎರಡು ದಿನ ಬರುವ ಮಗುವಿನದೂ ಇದೇ ಸ್ಥಿತಿ. ಕೆಲವು ಮಕ್ಕಳು ಊಟದ ಸಾಲಿನಲ್ಲೂ ಆಟದಲ್ಲೂ ಒಂಟಿಯಾಗಿರುತ್ತಾರೆ. ಅವರ ಪಕ್ಕ ಯಾರೂ ಕೂರುವುದಿಲ್ಲ. ಅದನ್ನು ಮಗುವಿನ ಸ್ವಭಾವವೆಂದು ಬರೆದುಕೊಳ್ಳುವ ಮೊದಲು, ಊರಿನ ಜಾತಿ ಶಾಲೆಯ ಬೆಂಚಿನವರೆಗೆ ಬಂದಿದೆಯೇ ಎಂದು ಶಿಕ್ಷಕರು ಪ್ರಾಮಾಣಿಕವಾಗಿ ನೋಡಿಕೊಳ್ಳಬೇಕು. ಹಾಗಿದ್ದರೆ ಅಲ್ಲಿ ಮೊದಲು ಬದಲಾಗಬೇಕಾದದ್ದು ಕೂರುವ ವ್ಯವಸ್ಥೆ. ಈ ಲೇಖನದ ಉಳಿದ ಉಪಾಯಗಳು ಆಮೇಲಿನ ಮಾತು.

ಕಿವಿಯನ್ನೂ ಮರೆಯಬಾರದು. ತಗಡಿನ ಮಾಡಿನ ಕೋಣೆಯಲ್ಲಿ ಸದಾ ಬಲಗಿವಿಯನ್ನು ಮುಂದೆ ಮಾಡಿ ಕೂರುತ್ತಿದ್ದ ಒಬ್ಬ ಹುಡುಗನನ್ನು ನಾವೆಲ್ಲ ಮಂಕು ಎಂದೇ ತಿಳಿದಿದ್ದೆವು. ಎಡಗಿವಿ ಸೋರಿ ಸೋರಿ ಅವನಿಗೆ ಅರ್ಧ ಮಾತು ಕೇಳಿಸುತ್ತಲೇ ಇರಲಿಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯ ತಂಡ ವರ್ಷಕ್ಕೊಮ್ಮೆ ಶಾಲೆಗೆ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತದೆ. ತಂಡ ಬರುವ ದಿನ ನಿಮ್ಮ ನೋಟ್‌ಬುಕ್ಕಿನ ಮಕ್ಕಳನ್ನು ಸಾಲಿನ ಮುಂದೆ ನಿಲ್ಲಿಸಿ, ಕಂಡದ್ದನ್ನು ವೈದ್ಯರಿಗೆ ಬಾಯಿಬಿಟ್ಟು ಹೇಳಿ. ಮನೆಯಲ್ಲಿ ಸಲೀಸಾಗಿ ಮಾತನಾಡುವ ಮಗು, ಶಾಲೆ ಸೇರಿದ ಮೊದಲ ತಿಂಗಳು ಕಳೆದ ಮೇಲೂ, ಶಾಲೆಯ ಭಾಷೆ ಬರುತ್ತಿದ್ದರೂ, ಅಲ್ಲಿ ಯಾರೊಡನೆಯೂ ತಿಂಗಳುಗಟ್ಟಲೆ ತುಟಿ ಬಿಚ್ಚದಿದ್ದರೆ ಅದು ಬರೀ ಸಂಕೋಚವಾಗಿರಲಾರದು. ಆತಂಕದಿಂದ ಬರುವ ಆ ಸ್ಥಿತಿಗೆ ಚಿಕಿತ್ಸೆಯಿದೆ. ಚೆನ್ನಾಗಿ ಮಾತನಾಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿದರಂತೂ ಕಾಯಲೇಬಾರದು. ಮಾನಸಿಕ ಆರೋಗ್ಯದ ಸಲಹೆಗೆ ಟೆಲಿ ಮಾನಸ್‌ನ 14416, ಮಗು ಅಪಾಯದಲ್ಲಿದೆ ಎನ್ನಿಸಿದರೆ ಮಕ್ಕಳ ಸಹಾಯವಾಣಿ 1098. ಈ ಎರಡೂ ಸಂಖ್ಯೆಗಳು ಸಿಬ್ಬಂದಿ ಕೋಣೆಯ ಗೋಡೆಯ ಮೇಲೆ ಇರಬೇಕು.

ಇಷ್ಟೆಲ್ಲ ಸೋಸಿದ ಮೇಲೆ ಉಳಿಯುವವರು ನಿಜವಾಗಿ ಸ್ವಭಾವದಿಂದ ಮಾತು ಕಡಿಮೆಯ ಮಕ್ಕಳು. ಮುಂದಿನ ಹಂತಗಳು ಅವರಿಗಾಗಿ, ಆದರೆ ಭಾಷೆಯ ತೊಡಕಿನ ಮಕ್ಕಳಿಗೂ ಅವು ಅಷ್ಟೇ ಉಪಯೋಗಕ್ಕೆ ಬರುತ್ತವೆ.

ಎರಡನೆಯದು: ಪ್ರಶ್ನೆ ಕೇಳಿ ಮೂರು ಕಲ್ಲು ನಡೆಯುವುದು

1970ರ ದಶಕದಲ್ಲಿ ಅಮೆರಿಕದ ಮೇರಿ ಬಡ್ ರೋ ಎಂಬ ವಿಜ್ಞಾನ ಶಿಕ್ಷಣ ತಜ್ಞೆ ತರಗತಿಗಳ ಧ್ವನಿಮುದ್ರಣಗಳನ್ನು ಕೇಳಿ ಅಳೆದಾಗ, ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕಾಗಿ ಸರಾಸರಿ ಒಂದು ಸೆಕೆಂಡು ಕೂಡ ಸರಿಯಾಗಿ ಕಾಯುವುದಿಲ್ಲವೆಂದು ಗೊತ್ತಾಯಿತು. ಆ ಕಾಯುವಿಕೆಯನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, "ಗೊತ್ತಿಲ್ಲ" ಎನ್ನುವುದು ಇಳಿಯಿತು, ಹಿಂದುಳಿದವರೆಂದು ಎಣಿಸಲಾಗಿದ್ದ ಮಕ್ಕಳೂ ತಾವಾಗಿ ಮಾತನಾಡಿದರು. ಉತ್ತರವನ್ನು ಮನಸ್ಸಿನಲ್ಲಿ ಕಟ್ಟಿಕೊಂಡು ಹೇಳುವ ಮಗುವಿಗೆ ಮೂರು ಸೆಕೆಂಡು ದೊಡ್ಡ ಉಪಕಾರ.

ಹೇಳಲು ಇದು ಸುಲಭ. ಎದುರಿಗೆ ನಾಲ್ಕು ಜನ "ಸರ್ ನಾ, ಸರ್ ನಾ" ಎಂದು ಬೆಂಚಿನಿಂದ ಏಳುತ್ತಿರುವಾಗ ಮೂರು ಸೆಕೆಂಡು ಮೂರು ನಿಮಿಷವಾಗುತ್ತದೆ. ನಮ್ಮ ಶಾಲೆಗಳ ನೆಲಕ್ಕೆ ಬಹುತೇಕ ಶಹಾಬಾದ ಫರಸಿ ಹಾಸಿರುತ್ತಾರೆ. ನಾನು ಪ್ರಶ್ನೆ ಕೇಳಿ, ಬಾಯಿ ಮುಚ್ಚಿಕೊಂಡು, ಆ ಫರಸಿಯ ಮೂರು ಕಲ್ಲು ದಾಟುವಷ್ಟು ನಿಧಾನವಾಗಿ ನಡೆಯುವುದನ್ನು ರೂಢಿ ಮಾಡಿಕೊಂಡೆ. ಮೂರನೆಯ ಕಲ್ಲಿನ ಮೇಲೆ ನಿಂತ ಮೇಲೆಯೇ ಯಾರ ಹೆಸರನ್ನಾದರೂ ಕರೆಯುವುದು. ಮಕ್ಕಳು ಒಂದು ವಾರದಲ್ಲಿ ಇದನ್ನು ಕಂಡುಹಿಡಿದು ನನ್ನ ಕಾಲನ್ನೇ ನೋಡತೊಡಗಿದರು. ಅದೂ ಒಳ್ಳೆಯದೇ ಆಯಿತು, ಏಕೆಂದರೆ ಅಲ್ಲಿಯವರೆಗೆ ಯಾರೂ ಒದರುತ್ತಿರಲಿಲ್ಲ. ಮಗು ಉತ್ತರ ಹೇಳಿ ಮುಗಿಸಿದ ಮೇಲೆಯೂ ಕೂಡಲೇ "ಶಾಬಾಶ್, ಮುಂದ" ಎನ್ನದೆ ಇನ್ನೊಂದು ಕಲ್ಲಿನಷ್ಟು ಕಾಯಿರಿ. ಮಾತು ಕಡಿಮೆಯ ಮಕ್ಕಳು ಬಹಳ ಸಲ ಎರಡನೆಯ ವಾಕ್ಯದಲ್ಲೇ ನಿಜವಾದ ಉತ್ತರ ಹೇಳುತ್ತಾರೆ.

ಇದಕ್ಕೆ ಎರಡು ಜೋಡಣೆಗಳು. ಒಂದು, ಪಾಟಿ. ಪ್ರಶ್ನೆಗೆ ಎಲ್ಲರೂ ಪಾಟಿಯ ಮೇಲೆ ಬರೆದು ಒಟ್ಟಿಗೆ ಎತ್ತಿ ಹಿಡಿದರೆ ಬಾಯಿ ತೆರೆಯದ ಮಗುವಿನ ಉತ್ತರವೂ ಅದೇ ಗಳಿಗೆಯಲ್ಲಿ ನಿಮಗೆ ಕಾಣುತ್ತದೆ. ದೊಡ್ಡ ತರಗತಿಯ ಮಕ್ಕಳಿಗೆ ಪಾಟಿ ನಾಚಿಕೆಯಾದರೆ ಹಳೆಯ ನೋಟ್‌ಬುಕ್ಕಿನ ಹಾಳೆಯೂ ನಡೆಯುತ್ತದೆ. ಇನ್ನೊಂದು, ಮುಂಗಡ ಸೂಚನೆ. "ನಾಳೆ ದ್ಯುತಿಸಂಶ್ಲೇಷಣೆಯ ಮೊದಲನೇ ಪ್ರಶ್ನೆ ನಿನಗ ಕೇಳ್ತೀನಿ, ನೋಡಿಕೊಂಡು ಬಾ" ಎಂದು ಹಿಂದಿನ ದಿನ ಸಂಜೆ ಒಬ್ಬರಿಗೇ ಹೇಳಿದರೆ ಆ ಮಗು ಮನೆಯಲ್ಲಿ ಹತ್ತು ಸಲ ಹೇಳಿಕೊಂಡು ಬರುತ್ತದೆ. ಇದು ಮೋಸವಲ್ಲವೇ ಎಂದು ಸಹೋದ್ಯೋಗಿಯೊಬ್ಬರು ನನ್ನನ್ನು ಕೇಳಿದ್ದರು. ಪರೀಕ್ಷೆಯಲ್ಲಿ ಹೀಗೆ ಮಾಡಿದರೆ ಮೋಸ. ಪಾಠದಲ್ಲಿ ಇದು ಪಾಠವೇ.

ಮಾತಿನ ಮಲ್ಲರನ್ನು ಏನು ಮಾಡುವುದೆಂಬುದೂ ಇಲ್ಲೇ ಬರುತ್ತದೆ. ಅವರನ್ನು ಗದರಿಸಿ ಕೂರಿಸಿದರೆ ಇನ್ನೊಂದು ಅನ್ಯಾಯವಾಗುತ್ತದೆ. ಪ್ರತಿಯೊಬ್ಬರಿಗೂ ಮೂರು ಹುಣಸೆ ಬೀಜ ಕೊಟ್ಟು, ಒಂದು ಉತ್ತರಕ್ಕೆ ಒಂದು ಬೀಜ ಡಬ್ಬಿಗೆ ಹಾಕಬೇಕೆಂದು ಹೇಳಿ. ಮುಗಿದವರು ಉಳಿದವರಿಗಾಗಿ ಕಾಯಬೇಕು. ಇದನ್ನು ವಾರಕ್ಕೆ ಒಂದು ಪಿರಿಯಡ್ಡಿಗೆ ಮಾತ್ರ ಇಟ್ಟುಕೊಳ್ಳಿ, ದಿನವೂ ಮಾಡಿದರೆ ಬೀಜದ ವ್ಯಾಪಾರ ಶುರುವಾಗುತ್ತದೆ.

ಮೂರನೆಯದು: ನಲವತ್ತು ಜನರಿಗೆ ಹೇಳುವ ಮೊದಲು ಒಬ್ಬರಿಗೆ

1981ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಫ್ರಾಂಕ್ ಲೈಮನ್ ರೂಪಿಸಿದ ಒಂದು ಸರಳ ಕ್ರಮವಿದೆ: ಮೊದಲು ಒಬ್ಬರೇ ಯೋಚಿಸುವುದು, ಆಮೇಲೆ ಪಕ್ಕದವರೊಡನೆ ಮಾತನಾಡುವುದು, ಕೊನೆಗೆ ತರಗತಿಗೆ ಹೇಳುವುದು. ನಮ್ಮ ಶಿಕ್ಷಕರ ತರಬೇತಿಗಳಲ್ಲೂ ಇದು ಬಂದುಹೋಗಿದೆ, ಆದರೆ ತರಗತಿಯಲ್ಲಿ ಯೋಚಿಸುವ ಮೊದಲ ಹಂತವನ್ನೇ ಹಾರಿಸಿ ನೇರವಾಗಿ "ಮಾತಾಡ್ರಿ" ಎನ್ನುವುದು ರೂಢಿ. ಹಾಗೆ ಮಾಡಿದರೆ ಜೋಡಿಯಲ್ಲಿಯೂ ಮಾತುಗಾರನೇ ಮಾತನಾಡುತ್ತಾನೆ. ಒಂದು ನಿಮಿಷ ಎಲ್ಲರೂ ಸುಮ್ಮನೆ ಕೂತು ಎರಡು ಶಬ್ದವಾದರೂ ಬರೆದುಕೊಂಡ ಮೇಲೆ ಜೋಡಿಯ ಮಾತು ಆರಂಭವಾಗಲಿ. ಎರಡು ನಿಮಿಷದ ಜೋಡಿ ಮಾತಿನಲ್ಲಿ ಮನೆಯ ಭಾಷೆಗೆ ಪೂರ್ತಿ ಅನುಮತಿ ಇರಲಿ. ಕೊನೆಗೆ ಹೇಳುವಾಗ ಮಗು ತನ್ನ ಮಾತನ್ನಲ್ಲ, ಪಕ್ಕದವರ ಮಾತನ್ನು ಹೇಳಲಿ. ಬೇರೆಯವರ ಉತ್ತರ ತಪ್ಪಾದರೆ ಹೇಳಿದವರಿಗೆ ನಾಚಿಕೆ ಆಗುವುದಿಲ್ಲ.

ಆಡಿನ ಕಥೆಯ ಹುಡುಗಿಯನ್ನು ನಾನು ಎರಡೂ ಭಾಷೆ ಬಲ್ಲ ಇನ್ನೊಬ್ಬ ಹುಡುಗಿಯ ಪಕ್ಕ ಕೂರಿಸಿದೆ. ಮೊದಲ ತಿಂಗಳು ಇವಳು ಲಂಬಾಣಿಯಲ್ಲಿ ಹೇಳಿದ್ದನ್ನು ಅವಳು ಕನ್ನಡದಲ್ಲಿ ಹೇಳುತ್ತಿದ್ದಳು. ಜನವರಿಯ ಒಂದು ದಿನ ಅವಳು ಹೇಳುತ್ತಿದ್ದಾಗ ಇವಳು ನಡುವೆ ಬಾಯಿ ಹಾಕಿ, "ಹಂಗಲ್ಲ, ಬೇರು ನೀರು ಎಳಿತದ" ಎಂದಳು. ಆ ಶಾಲೆಯಲ್ಲಿ ನಾನು ಕೇಳಿದ ಇವಳ ಮೊದಲ ಕನ್ನಡ ವಾಕ್ಯ ಅದು, ಅದೂ ಗೆಳತಿಯ ತಪ್ಪು ತಿದ್ದಲು.

ಗುಂಪಿನ ಕೆಲಸಕ್ಕೆ ಬಂದರೆ, ನಾಲ್ಕಕ್ಕಿಂತ ಹೆಚ್ಚು ಜನರ ಗುಂಪು ಬೇಡ, ಪ್ರತಿಯೊಬ್ಬರಿಗೂ ಹೆಸರಿಟ್ಟು ಕೆಲಸ ಕೊಡಬೇಕು. ಆದರೆ ಬರೆಯುವ ಕೆಲಸ ಸದಾ ಸುಮ್ಮನಿರುವ ಮಗುವಿಗೇ ಬೀಳದಂತೆ ತಿರುಗಿಸುತ್ತಿರಬೇಕು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ ಕಲಿ ಎಂಬ ಕಲಿಕೆಯ ಪದ್ಧತಿ ನಮ್ಮ ಒಂದರಿಂದ ಮೂರನೆಯ ತರಗತಿಯ ಮಕ್ಕಳಿಗೆ ಈ ಅವಕಾಶವನ್ನು ಆಗಲೇ ಕೊಟ್ಟಿದೆ: ಅಲ್ಲಿ ಮಗು ತನ್ನ ಮೆಟ್ಟಿಲಿನಲ್ಲಿ, ತನ್ನ ವೇಗದಲ್ಲಿ, ಕೆಲವೊಮ್ಮೆ ಶಿಕ್ಷಕರ ಪಕ್ಕ, ಕೆಲವೊಮ್ಮೆ ಗೆಳೆಯರ ಗುಂಪಿನಲ್ಲಿ, ಕೆಲವೊಮ್ಮೆ ಒಂದೇ ಕೂತು ಕಲಿಯುತ್ತದೆ. ನಾಲ್ಕನೆಯ ತರಗತಿಗೆ ಬಂದ ಕೂಡಲೇ ಮಕ್ಕಳು ಸಾಲುಗಟ್ಟಿ ಹಲಗೆಗೆ ಮುಖ ಮಾಡಿ ಕೂರುತ್ತಾರೆ. ಮೂರನೆಯ ತರಗತಿಯವರೆಗೆ ಮಾತನಾಡುತ್ತಿದ್ದ ಎಷ್ಟೋ ಮಕ್ಕಳು ಮೌನಿಗಳಾಗುವುದನ್ನು ನಾನು ಅಲ್ಲೇ ಕಂಡಿದ್ದೇನೆ. ನಾಲ್ಕನೆಯ ತರಗತಿಯ ಶಿಕ್ಷಕರು ಜೂನ್ ಒಂದು ತಿಂಗಳಾದರೂ ವೃತ್ತದಲ್ಲಿ ಕೂರಿಸುವುದನ್ನು ಮುಂದುವರಿಸಿದರೆ ಚೆನ್ನ.

ಅಂಕಗಳ ವಿಷಯ

ವರ್ಷದ ನಡುನಡುವೆ ನಡೆಸುವ ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆಗಳಲ್ಲಿ, ಎಸ್‌ಎಸ್‌ಎಲ್‌ಸಿಯ ಆಂತರಿಕ ಅಂಕಗಳಲ್ಲಿ, ಗಟ್ಟಿ ದನಿಗೆ ಅಂಕ ಕೊಡುವ ಅಭ್ಯಾಸ ನಮಗೆ ಗೊತ್ತಿಲ್ಲದೆಯೇ ಬಂದುಬಿಟ್ಟಿದೆ. ಭಾಷಣ ಮಾಡಿದವನಿಗೆ ಪೂರ್ತಿ ಅಂಕ, ಅದೇ ವಿಷಯವನ್ನು ನಾಲ್ಕು ಪುಟ ಬರೆದು ನಕ್ಷೆ ಹಾಕಿ ತಂದವಳಿಗೆ ಒಂದು ಅಂಕ ಕಡಿಮೆ. ಮೌಖಿಕ ಸಾಮರ್ಥ್ಯವನ್ನೇ ಅಳೆಯುವ ಭಾಷಾ ಚಟುವಟಿಕೆಯನ್ನು ಬಿಟ್ಟರೆ, ಉಳಿದ ಕಡೆ ಆಯ್ಕೆ ಕೊಡಬೇಕು: ಬರೆದು ತರುವುದು, ಮಾದರಿ ಮಾಡಿ ತರುವುದು, ಶಿಕ್ಷಕರ ಮೇಜಿನ ಬಳಿ ಬಂದು ಒಬ್ಬರಿಗೇ ಹೇಳುವುದು. ಮೌಖಿಕವನ್ನೇ ಅಳೆಯಬೇಕಾದಾಗಲೂ ಎದುರಿಗೆ ತರಗತಿ ಇರಲೇಬೇಕೆಂಬ ನಿಯಮವೇನೂ ಇಲ್ಲ, ವರಾಂಡದಲ್ಲಿ ಒಬ್ಬೊಬ್ಬರನ್ನೇ ಕರೆದು ಕೇಳಬಹುದು. ಅಂಕಪಟ್ಟಿಯ ಷರಾದಲ್ಲಿ "ಮಾತು ಕಡಿಮೆ, ಸುಧಾರಿಸಬೇಕು" ಎಂದು ಬರೆಯುವ ಬದಲು ಮಗು ಮಾಡಿದ ಒಂದು ಕೆಲಸವನ್ನು ಬರೆಯಿರಿ. ತಾಯಿಗೆ ಹೇಳುವ ಮಾತೂ ಅದೇ ಆಗಲಿ. ಎಲ್ಲರೆದುರು "ಬಾಯಿಸತ್ತಾಂವ", "ಮೂಗ" ಎಂದು ಕರೆಯುವುದನ್ನು ನಾವು ತಮಾಷೆ ಎಂದು ತಿಳಿದಿದ್ದೇವೆ; 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಪ್ರಕರಣ ಮಗುವಿಗೆ ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲದೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ.

ವೇದಿಕೆಗೆ ಮೆಟ್ಟಿಲು

ಹಾಗೆಂದು ಮಗುವನ್ನು ವೇದಿಕೆಯಿಂದ ಪೂರ್ತಿ ಉಳಿಸಿಬಿಡುವುದೂ ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ನಾಳೆ ಬ್ಯಾಂಕಿನಲ್ಲಿ, ಪಂಚಾಯಿತಿಯಲ್ಲಿ, ಸಂದರ್ಶನದಲ್ಲಿ ಬಾಯಿ ಬಿಡಲೇಬೇಕು. ಬಿಡದಿದ್ದರೆ ನಷ್ಟ ಅದರದೇ. ಬೆಳಗಿನ ಪ್ರಾರ್ಥನೆ ಇದಕ್ಕೆ ಬಹಳ ಅನುಕೂಲವಾದ ಜಾಗ. ಮೊದಲ ವಾರ ಮಗು ಸುವಿಚಾರವನ್ನು ಆರಿಸಿ ಬೋರ್ಡಿನ ಮೇಲೆ ಬರೆಯಲಿ, ಬೇರೊಬ್ಬರು ಓದಲಿ. ಆಮೇಲೆ ಗೆಳೆಯನ ಪಕ್ಕ ನಿಂತು ಇಬ್ಬರೂ ಒಂದೊಂದು ಸಾಲು ಪತ್ರಿಕೆ ಓದಲಿ. ಅದು ಸಲೀಸಾದ ಮೇಲೆ ಒಂದೇ ನಿಂತು ಎರಡು ಸಾಲು, ಕಾಗದ ಕೈಯಲ್ಲಿಟ್ಟುಕೊಂಡು. ಕಾಗದ ಕಸಿಯಬೇಡಿ. ಒಂದು ಮೆಟ್ಟಿಲಿಗೆ ಒಂದು ತಿಂಗಳು ಹಿಡಿದರೂ ಅವಸರವೇನಿಲ್ಲ, ಮಗು ಬೇಡವೆಂದ ದಿನ ಕೆಳಗಿನ ಮೆಟ್ಟಿಲಿಗೆ ಮರಳಲು ಬಿಡಬೇಕು. ಪ್ರತಿಭಾ ಕಾರಂಜಿಗೆ ಹೆಸರು ಬರೆಸುವಾಗಲೂ ಭಾಷಣ, ಕಂಠಪಾಠಗಳ ಜೊತೆಗೆ ಚಿತ್ರಕಲೆ, ಮಣ್ಣಿನ ಮಾದರಿಗಳೂ ಇವೆ ಎಂಬುದನ್ನು ನೆನಪಿಟ್ಟುಕೊಳ್ಳಿ. ಅಲ್ಲಿ ಗೆದ್ದು ಬಂದ ಮಗು ಪ್ರಾರ್ಥನೆಯಲ್ಲಿ ತಾನು ಮಾಡಿದ ಮಣ್ಣಿನ ಎತ್ತಿನ ಬಗ್ಗೆ ತಾನೇ ಹೇಳುತ್ತದೆ.

ಇನ್ನು ಶಿಕ್ಷಕರ ಮಾತು

ತರಬೇತಿಯ ಮೊದಲ ದಿನ ಬೆಳಿಗ್ಗೆ ಸಂಪನ್ಮೂಲ ವ್ಯಕ್ತಿಗಳು ಎಲ್ಲರನ್ನೂ ವೃತ್ತದಲ್ಲಿ ನಿಲ್ಲಿಸಿ, ಹೆಸರು ಹೇಳಿ ಒಂದು ಹಾಡು ಹಾಡಿ ಇಲ್ಲವೇ ಕುಣಿದು ತೋರಿಸಿ ಎನ್ನುತ್ತಾರೆ. ಒಂದು ಸಲ ನನ್ನ ಸರದಿ ಮೂವರ ಆಚೆಗೆ ಬಂದಾಗ ನೀರು ಕುಡಿಯುವ ನೆಪದಿಂದ ಹೊರಗೆ ಹೋಗಿ, ಇಪ್ಪತ್ತು ನಿಮಿಷ ನಲ್ಲಿಯ ಬಳಿ ನಿಂತಿದ್ದೆ. ಅಲ್ಲಿ ಆಗಲೇ ಇನ್ನಿಬ್ಬರು ನಿಂತಿದ್ದರು. ನಾವು ಮೂವರೂ ಆ ನಲ್ಲಿಯ ಬಳಿ ಭಿನ್ನರಾಶಿ ಕಲಿಸುವುದರ ಬಗ್ಗೆ ಆಡಿದ ಮಾತು ಆ ದಿನ ಒಳಗೆ ನಡೆದದ್ದಕ್ಕಿಂತ ನನಗೆ ಹೆಚ್ಚು ಉಪಯೋಗವಾಯಿತು.

ಅಂತರ್ಮುಖಿ ಶಿಕ್ಷಕರ ಕಷ್ಟ ಮಕ್ಕಳ ಎದುರಿಗಿಂತ ಹೆಚ್ಚಾಗಿ ಉಳಿದ ಕಡೆ ಇದೆ. ಪಾಠ ಅವರಿಗೆ ಸಿದ್ಧ ಮಾಡಿಕೊಂಡ ಮಾತು, ಅದು ನಡೆಯುತ್ತದೆ. ಪ್ರಾರ್ಥನೆ, ಆರು ಪಿರಿಯಡ್ಡು, ಬಿಸಿಯೂಟದ ಉಸ್ತುವಾರಿ, ಸಿಬ್ಬಂದಿ ಕೋಣೆಯ ಹರಟೆ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆ, ರಾತ್ರಿ ಹತ್ತಕ್ಕೂ ನಿಲ್ಲದ ವಾಟ್ಸ್‌ಆ್ಯಪ್ ಗುಂಪು ಇವೆಲ್ಲದರ ನಡುವೆ ಒಂಟಿಯಾಗಿ ಕೂರಲು ಹತ್ತು ನಿಮಿಷ ಸಿಗದಿರುವುದೇ ಅವರನ್ನು ದಣಿಸುತ್ತದೆ. ಅಂಥವರು ಮೊದಲು ಮಾಡಬೇಕಾದದ್ದು ಆ ಹತ್ತು ನಿಮಿಷವನ್ನು ಕಾಯ್ದುಕೊಳ್ಳುವುದು. ಊಟದ ಬಿಡುವಿನಲ್ಲಿ ಬೇವಿನ ಮರದ ಕೆಳಗೆ ಒಬ್ಬರೇ ಕೂರುವುದಿದ್ದರೆ, ಅದನ್ನು ಸಹೋದ್ಯೋಗಿಗಳಿಗೆ ಒಮ್ಮೆ ನಗುತ್ತ ಹೇಳಿಬಿಡಿ. ಹೇಳದಿದ್ದರೆ "ಧಿಮಾಕು ನೋಡ್ರಿ" ಎಂಬ ಹೆಸರು ಒಂದು ವಾರದಲ್ಲಿ ಬರುತ್ತದೆ. ವೇಳಾಪಟ್ಟಿ ಮಾಡುವಾಗ ಎರಡು ಪಿರಿಯಡ್ ದನಿ ಎತ್ತಿ ಪಾಠ ಮಾಡಿದ ಮೇಲೆ ಮೂರನೆಯದರಲ್ಲಿ ಮೌನ ಓದು, ಬರವಣಿಗೆ, ನಕ್ಷೆ ಇಟ್ಟುಕೊಳ್ಳಿ. ಮಕ್ಕಳಿಗೂ ಅದು ಬೇಕು, ಏಪ್ರಿಲ್‌ನ ಸೆಕೆಯಲ್ಲಂತೂ ಇನ್ನೂ ಬೇಕು.

ಗದ್ದಲ ನಿಲ್ಲಿಸಲು ಗದರಿಸುವ ದನಿ ಇಲ್ಲದವರು ದನಿಯನ್ನು ಬೆಳೆಸಲು ಹೋಗಬೇಡಿ. ಕೈ ಎತ್ತಿ ಸುಮ್ಮನೆ ನಿಂತರೆ, ನೋಡಿದವರೂ ಕೈ ಎತ್ತಿ ಸುಮ್ಮನಾಗಬೇಕು ಎಂಬ ಒಪ್ಪಂದವನ್ನು ಜೂನ್‌ನಲ್ಲೇ ಮಾಡಿಕೊಳ್ಳಿ. ನಿಮ್ಮ ಬಲ ಬೇರೆ ಕಡೆ ಇದೆ: ನೋಟ್‌ಬುಕ್ ತಿದ್ದುವಾಗ "ನೋಡಿದೆ" ಎಂದು ಸಹಿ ಹಾಕುವ ಬದಲು ಒಂದು ಪ್ರಶ್ನೆ ಬರೆದರೆ, ಸುಮ್ಮನಿರುವ ಮಗು ಕೆಳಗೆ ಉತ್ತರ ಬರೆದು ಕೊಡುತ್ತದೆ. ಪಾಲಕರ ಸಭೆಯಲ್ಲಿ ಮೈಕು ಹಿಡಿದು ಮಾತನಾಡುವುದು ಕಷ್ಟವಾದರೆ, ಒಂದೊಂದು ಮನೆಯವರಿಗೆ ಐದೈದು ನಿಮಿಷ ಗೊತ್ತುಮಾಡಿ ಮಗುವಿನ ನೋಟ್‌ಬುಕ್ ಎದುರಿಗಿಟ್ಟುಕೊಂಡು ಕೂರಿ. ದೊಡ್ಡ ಸಭೆಯಲ್ಲಿ ಬಾಯಿ ತೆರೆಯದ ತಾಯಂದಿರೂ ಅಲ್ಲಿ ಮಾತನಾಡುತ್ತಾರೆ. ಆದರೆ ಸ್ವಭಾವವನ್ನು ನೆಪ ಮಾಡಿಕೊಂಡು, ಮಗು ಶಾಲೆ ಬಿಟ್ಟರೂ ಅದರ ಮನೆಗೆ ಹೋಗದೆ ಇರುವುದು, ತಪ್ಪು ನಡೆದರೂ ಸಭೆಯಲ್ಲಿ ಸುಮ್ಮನಿರುವುದು ಒಪ್ಪತಕ್ಕದ್ದಲ್ಲ. ಹಾಗೆ ಸುಮ್ಮನಿದ್ದ ದಿನಗಳು ನನ್ನಲ್ಲೂ ಇವೆ.

ಮುಖ್ಯೋಪಾಧ್ಯಾಯರು ಮಾಡಬಹುದಾದದ್ದು ಇನ್ನೂ ಹೆಚ್ಚು. ಸಭೆಯ ವಿಷಯಗಳನ್ನು ಹಿಂದಿನ ದಿನವೇ ತಿಳಿಸಿ, ಅಭಿಪ್ರಾಯವನ್ನು ಚೀಟಿಯಲ್ಲಿ ಬರೆದು ಕೊಡಲೂ ಅವಕಾಶವಿಡಿ. ಆಗಸ್ಟ್ 15ಕ್ಕೆ ಒಂದು ಧ್ವಜಾರೋಹಣ, ನಮ್ಮ ಭಾಗದಲ್ಲಿ ಸೆಪ್ಟೆಂಬರ್ 17ಕ್ಕೆ ಕಲ್ಯಾಣ ಕರ್ನಾಟಕ ಉತ್ಸವದ ಇನ್ನೊಂದು, ನವೆಂಬರ್ 1ಕ್ಕೆ ಮತ್ತೊಂದು. ಮೂರಕ್ಕೂ ನಿರೂಪಣೆಯನ್ನು ಯಾರ ತಲೆಗೂ ಒತ್ತಾಯದಿಂದ ಕಟ್ಟದೆ, ವೇದಿಕೆಯ ಹಿಂದಿನ ಕೆಲಸಗಳನ್ನೂ ಸಮಾನವಾಗಿ ಎಣಿಸಿ. ಇದರ ಇನ್ನೊಂದು ಮಗ್ಗುಲನ್ನು ಯಾರೂ ಹೇಳುವುದಿಲ್ಲ: ಮಾತನಾಡದ ಶಿಕ್ಷಕರು "ಆಗಲ್ಲ" ಎನ್ನುವುದಿಲ್ಲವಾದ್ದರಿಂದ, ಎಸ್‌ಎಟಿಎಸ್ ಎಂಬ ಆನ್‌ಲೈನ್ ವಿದ್ಯಾರ್ಥಿ ದಾಖಲೆಯ ನಮೂದು, ಬಿಸಿಯೂಟದ ಲೆಕ್ಕ, ವಿದ್ಯಾರ್ಥಿವೇತನದ ಅರ್ಜಿ ಎಲ್ಲವೂ ಅವರ ಮೇಜಿಗೇ ಬಂದು ಬೀಳುತ್ತವೆ. ಕೆಲಸ ಹಂಚಿಕೆಯ ಪಟ್ಟಿಯನ್ನು ಗೋಡೆಗೆ ಅಂಟಿಸಿದರೆ ಅರ್ಧ ಅನ್ಯಾಯ ಅಲ್ಲೇ ಕಾಣುತ್ತದೆ. ತರಗತಿ ವೀಕ್ಷಣೆಗೆ ಬರುವ ಸಿಆರ್‌ಪಿಗಳೂ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳು) ಶಿಕ್ಷಕರ ದನಿಯ ಎತ್ತರ ನೋಡುವುದನ್ನು ಬಿಟ್ಟು ಮಕ್ಕಳ ನೋಟ್‌ಬುಕ್ ಎರಡನ್ನಾದರೂ ತೆರೆದು ನೋಡಲಿ.

ಇಷ್ಟನ್ನೂ ಒಂದೇ ತಿಂಗಳಲ್ಲಿ ಆರಂಭಿಸಬೇಕಿಲ್ಲ. ಜೂನ್‌ನಲ್ಲಿ ನೋಟ್‌ಬುಕ್ ಮತ್ತು ಮೂರು ಕಲ್ಲಿನ ನಡಿಗೆ, ಜುಲೈನಲ್ಲಿ ಜೋಡಿ ಮಾತು, ಆಗಸ್ಟ್‌ನಿಂದ ಪ್ರಾರ್ಥನೆಯ ಮೆಟ್ಟಿಲು ಎಂದು ಇಟ್ಟುಕೊಂಡರೆ ಕೈಗೆ ಹತ್ತುತ್ತದೆ. ದಸರಾ ರಜೆಗೆ ಮುನ್ನ ಒಂದು ಸಂಜೆ ನೋಟ್‌ಬುಕ್ ತೆರೆದು, ಪ್ರತಿ ಮಗುವಿನ ಪುಟದಲ್ಲಿ ಆ ಮಗು ಈ ತಿಂಗಳುಗಳಲ್ಲಿ ಯಾವುದಾದರೂ ರೀತಿಯಲ್ಲಿ, ಪಾಟಿಯ ಮೇಲಾದರೂ ಸರಿ, ಪಕ್ಕದವರ ಕಿವಿಯಲ್ಲಾದರೂ ಸರಿ, ಹೇಳಿದ ಮಾತುಗಳ ದಿನಾಂಕಗಳನ್ನು ಎಣಿಸಿ. ಯಾರ ಪುಟದಲ್ಲಿ ಒಂದೂ ದಿನಾಂಕವಿಲ್ಲವೋ ಆ ಮಗುವಿನ ಮನೆಗೆ ರಜೆಯಲ್ಲೇ ಒಮ್ಮೆ ಹೋಗಿ ಬನ್ನಿ.